ಮೇಸ್ತ್ರಿಯ ನಲವತ್ತು ಪೊಟ್ಟಣಗಳು

"ಇವತ್ತಿನಿಂದ ಈ ಮನೆಯೊಳಗೆ ಮಾಂಸ ಬರಕೂಡದು! ಹಾಲು ಬರಕೂಡದು! ಬೆಣ್ಣೆ, ಚೀಸು, ಕೆನೆ, ಯಾವುದೂ ಹೊಸಿಲು ದಾಟಕೂಡದು!"

ಫ್ರಿಜ್ ಮೇಸ್ತ್ರಿ ಈ ಘೋಷಣೆ ಹೊರಡಿಸಿದ್ದು ಒಂದು ಭಾನುವಾರ ಬೆಳಗ್ಗೆ, ತಮ್ಮದೇ ಮನೆಯ ಫ್ರಿಜ್ಜಿನ ಬಾಗಿಲನ್ನು ಹಾರುಹೊಡೆದು ಅದರ ಮುಂದೆ ನಿಂತು. ಮೂವತ್ತು ವರ್ಷಗಳಿಂದ ಊರಿನವರ ಫ್ರಿಜ್ಜುಗಳನ್ನು ರಿಪೇರಿ ಮಾಡುತ್ತ, "ಬಾಗಿಲು ತೆಗೆದಿಟ್ಟುಕೊಂಡು ಯೋಚನೆ ಮಾಡಬೇಡಿ, ಯೋಚನೆ ಮುಗಿಸಿ ಬಾಗಿಲು ತೆಗೀರಿ" ಎಂದು ಕಂಡಕಂಡವರಿಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ ಅಂದು ಹದಿನೈದು ನಿಮಿಷ ಬಾಗಿಲು ತೆರೆದಿಟ್ಟುಕೊಂಡೇ ಭಾಷಣ ಮಾಡಿದರು. ಒಳಗಿದ್ದ ಬೆಣ್ಣೆ ತನ್ನ ಮೇಲಿನ ಆರೋಪಗಳನ್ನು ಕೇಳಿ ಕೇಳಿ ಕರಗತೊಡಗಿತು.

ಕೇಳುತ್ತಿದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಟೆಲಿಫೋನಿನ ಮುಂದೆ ಹತ್ತೊಂಬತ್ತು ವರ್ಷಗಳಿಂದ ಕೂತವರು. ನಲ್ಲಿಯಲ್ಲಿ ನೀರಿಲ್ಲ ಎಂದು ಕೂಗುವವರು, ರಸ್ತೆಯಲ್ಲೆಲ್ಲ ನೀರು ಎಂದು ಕೂಗುವವರು, ಎರಡಕ್ಕೂ ಸಂಬಂಧವಿಲ್ಲದೆ ಬರೀ ಕೂಗಲಿಕ್ಕೇ ಫೋನ್ ಮಾಡುವವರು, ಎಲ್ಲರಿಗೂ ಅವರದು ಒಂದೇ ಉತ್ತರ: "ಹೂಂ, ಬರ್ಕೊಂಡೆ. ಮುಂದೆ?" ಮನೆಯಲ್ಲೂ ಅದೇ ಅಭ್ಯಾಸ. ಇನ್ನೊಬ್ಬಳು ಮಗಳು, ಕಾಲೇಜಿನ ಮೊದಲ ವರ್ಷ. ಅವಳದ್ದು ಬರೆದುಕೊಳ್ಳುವ ಜಾತಿಯಲ್ಲ, ತಿರುಗಿ ಕೇಳುವ ಜಾತಿ.

"ಒಂದು ಕಿಲೋ ಮಾಂಸದ ಹಿಂದೆ ಎಷ್ಟು ಸಾವಿರ ಲೀಟರ್ ನೀರು ಹೋಗುತ್ತೆ ಗೊತ್ತಾ?" ಮೇಸ್ತ್ರಿ ಹೆಂಡತಿಯತ್ತ ಬೆರಳು ತೋರಿಸಿದರು. "ನೀರಿನ ಆಫೀಸಿನವಳು ನೀನು. ನಿನಗೆ ಗೊತ್ತಿರಬೇಕಿತ್ತು!"

"ಕುರಿಗಳು ಇನ್ನೂ ನಮ್ಮ ಆಫೀಸಿಗೆ ಫೋನ್ ಮಾಡಿಲ್ಲ ರೀ."

"ತಮಾಷೆ ಬೇಡ! ಕಾಡು ಕಡಿದು ಮೇವು ಬೆಳೀತಾರೆ. ಮನುಷ್ಯರು ತಿನ್ನಬೇಕಾದ ಕಾಳನ್ನ ದನಕ್ಕೆ ಹಾಕ್ತಾರೆ. ಆ ದನ ತಿಂದು ತೇಗಿದ್ರೆ ಸಾಕು, ಆ ಗ್ಯಾಸ್ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸುತ್ತೆ!"

"ಅಪ್ಪಾ, ನಿನ್ನ ಶೆಡ್ಡಿನಲ್ಲಿರೋ ಫ್ರಿಜ್ಜಿನ ಗ್ಯಾಸು? ಅದು ಇನ್ನೂ ದಪ್ಪ ಕಂಬಳಿ ಹೊದಿಸುತ್ತಂತೆ."

"ಅದನ್ನ ನಾನು ಸೋರಿಸಲ್ಲ, ಸಿಲಿಂಡರಿಗೆ ತುಂಬ್ತೀನಿ! ದನಕ್ಕೆ ಸಿಲಿಂಡರ್ ಕಟ್ಟೋಕಾಗುತ್ತಾ?"

"ಹೂಂ, ಬರ್ಕೊಂಡೆ" ಎಂದರು ಹೆಂಡತಿ, ಎದ್ದು ಬಂದು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ಭೂಮಿಯ ಮೇಲೆ ಮೇಸ್ತ್ರಿಗೆ ಇಷ್ಟೊಂದು ಅಕ್ಕರೆ ಹುಟ್ಟಿ ಆಗಿದ್ದದ್ದು ಮೂರೇ ದಿನ. ಹುಟ್ಟಿದ ಜಾಗ, ಡಾಕ್ಟರಮ್ಮನ ಕ್ಲಿನಿಕ್ಕು. ಬೆನ್ನುನೋವಿಗೆಂದು ಹೋದವರ ರಕ್ತ ತೆಗೆಸಿ ನೋಡಿದ ಡಾಕ್ಟರಮ್ಮ, ಕಾಗದದ ಮೇಲಿನ ಕೊಬ್ಬಿನ ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಎರಡು ಸುತ್ತು ಹಾಕಿದ್ದರು. "ನಿಮ್ಮ ತಂದೆ ಹೇಗೆ ಹೋದ್ರು?" ಎಂದು ಕೇಳಿದ್ದರು.

ಮೇಸ್ತ್ರಿಯ ತಂದೆ ಹೋದದ್ದು ಐವತ್ತನಾಲ್ಕಕ್ಕೆ. ಬೆಳಗ್ಗೆ ಕೆಲಸಕ್ಕೆ ಹೊರಟು ಕುರ್ಚಿಯ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಬಲಗಾಲಿನದು ಕಟ್ಟಿ ಮುಗಿಸಿ ಎಡಗಾಲಿನದಕ್ಕೆ ಬಾಗಿದವರು ಮತ್ತೆ ಏಳಲಿಲ್ಲ. ಮೇಸ್ತ್ರಿಗೆ ಈಗ ಐವತ್ಮೂರು.

"ಆರು ವಾರ ಮಾಂಸ, ಬೆಣ್ಣೆ, ಚೀಸು, ಕೆನೆಹಾಲು ಎಲ್ಲ ಬಿಡಿ" ಎಂದಿದ್ದರು ಡಾಕ್ಟರಮ್ಮ. "ಬೇಳೆ, ಕಾಳು, ತರಕಾರಿ ತಿನ್ನಿ, ದಿನಾ ನಡೀರಿ. ಆಮೇಲೆ ಮತ್ತೆ ರಕ್ತ ನೋಡೋಣ. ಇಳಿದಿದ್ರೆ ಸಂತೋಷ. ಇಲ್ಲದಿದ್ರೆ ಮಾತ್ರೆ ಶುರು ಮಾಡಿ, ದೊಡ್ಡಾಸ್ಪತ್ರೆಗೆ ಕಳಿಸಿ ಹೃದಯದ ರಕ್ತನಾಳ ನೋಡಿಸ್ತೀನಿ. ಮನೆಯವರಿಗೆ ಹೇಳಿ. ಒಬ್ಬರೇ ಪಥ್ಯ ಮಾಡೋದು ಕಷ್ಟ."

ಮನೆಯವರಿಗೆ ಹೇಳುವುದು! ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ "ನನಗೆ ಹೆದರಿಕೆಯಾಗಿದೆ ಕಣೇ" ಎಂಬ ಮಾತು ಮೇಸ್ತ್ರಿಯ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಹೇಗೆ ಹೊರಡಿಸಬೇಕು ಎಂಬುದೇ ತಿಳಿದಿರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲಿ ಹಳೆಯ ಪತ್ರಿಕೆಯೊಂದು ಬಿದ್ದಿತ್ತು. ಅದರಲ್ಲಿ ಮಾಂಸ, ಹಾಲು, ನೀರು, ಕಾಡು, ಗಾಳಿ ಎಂದೆಲ್ಲ ಉದ್ದದ ಲೇಖನ. ಮೇಸ್ತ್ರಿ ಎರಡು ಸಲ ಓದಿದರು. ಬೆತ್ತಲೆ ನಿಂತಿದ್ದ ಭಯಕ್ಕೆ ತೊಡಿಸಲು ಒಳ್ಳೆಯ ದಿರಿಸು ಸಿಕ್ಕಿಬಿಟ್ಟಿತು! ರಕ್ತದ ವರದಿಯನ್ನು ನಾಲ್ಕಾಗಿ ಮಡಚಿ, ಉಪಕರಣದ ಪೆಟ್ಟಿಗೆಯಲ್ಲಿ ಪೈಪು ಕತ್ತರಿಸುವ ಕತ್ತರಿಯ ಕೆಳಗೆ ಇಟ್ಟರು. ಭೂಮಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದರು.

ಘೋಷಣೆಯ ಮಧ್ಯಾಹ್ನವೇ ಕಾರ್ಯಾಚರಣೆ ಆರಂಭ. ಮೊದಲು ಹಾಲಿನ ಬದಲಿಗೆ ಓಟ್ಸ್ ಹಾಲು. ನೆನೆಸಿದರು, ಮಿಕ್ಸಿಗೆ ಹಾಕಿದರು, ಬಟ್ಟೆಯಲ್ಲಿ ಹಿಂಡಿದರು. ಹಿಂಡಿದರು ಎನ್ನುವುದಕ್ಕಿಂತ ಕೈಕೈ ಮಿಲಾಯಿಸಿದರು ಎನ್ನಬೇಕು. ಅದನ್ನು ಚಹಾಕ್ಕೆ ಹಾಕಿ ಕುದಿಸಿದರೆ ಚಹಾ ಪಾತ್ರೆಯಿಂದ ಇಳಿಯಲೇ ಒಪ್ಪಲಿಲ್ಲ. ಚಮಚ ಅದರೊಳಗೆ ನೆಟ್ಟಗೆ ನಿಂತಿತು.

"ಅಪ್ಪಾ, ಇದರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದು" ಎಂದಳು ಮಗಳು.

"ಅಂಟಿಸು! ಪರಿಸರಕ್ಕೆ ಹಾನಿಯಿಲ್ಲದ ಅಂಟು!"

ಎರಡನೆಯದು ಮೇಸ್ತ್ರಿಯ ಮಹಾ ಆವಿಷ್ಕಾರ. ಅವರಿಗೆ ಪ್ರಾಣವೆಂದರೆ ಕೊಚ್ಚಿದ ಮಾಂಸ, ಖೀಮಾ. ಅದನ್ನು ಬಿಡುವುದು ಹೇಗೆ? ಬಿಡಬೇಕಾಗಿಯೇ ಇಲ್ಲ! ಬೇಳೆ ಬೇಯಿಸಿ, ಅಣಬೆ ಕೊಚ್ಚಿ, ಓಟ್ಸ್ ಸೇರಿಸಿ, ಬಣ್ಣಕ್ಕೆ ಬೀಟ್‌ರೂಟ್ ತುರಿದು ಹಾಕಿ, ಥೇಟ್ ಖೀಮಾದಂತೆಯೇ ಕಾಣುವ ಗಿಡಮೂಲದ ಖೀಮಾ ತಯಾರಿಸಿದರು. ಹೆಂಡತಿಯನ್ನು ಅಡುಗೆಮನೆಯೊಳಗೆ ಬಿಡಲಿಲ್ಲ. ರುಚಿ ನೋಡುವಷ್ಟು ಪುರುಸೊತ್ತೂ ಇರಲಿಲ್ಲ, ಉತ್ಸಾಹ ಅಷ್ಟಿತ್ತು. ಸಂಜೆಯ ಹೊತ್ತಿಗೆ ಅರ್ಧ ಅರ್ಧ ಕಿಲೋದ ನಲವತ್ತು ಪೊಟ್ಟಣ! ಬಿಳಿ ಕಾಗದದಲ್ಲಿ ಸುತ್ತಿ, ಅಡ್ಡ ಒಂದು, ಉದ್ದ ಒಂದು ದಾರ ಬಿಗಿದು ಸಾಲಾಗಿ ಇಟ್ಟರು. ಆ ಬಿಳಿ ಕಾಗದದ ಸುರುಳಿ ಮಾಂಸದಂಗಡಿಯ ಯಜಮಾನರು ಪ್ರೀತಿಯಿಂದ ಕೊಟ್ಟಿದ್ದು. ಪೊಟ್ಟಣ ಕಟ್ಟುವ ರೀತಿಯನ್ನು ಮೇಸ್ತ್ರಿ ಕಲಿತದ್ದೂ ಅವರ ಅಂಗಡಿಯಲ್ಲೇ ನಿಂತು ನೋಡಿ.

ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ದೊಡ್ಡ ಡೀಪ್ ಫ್ರೀಜರ್‌ಗಳಿದ್ದವು. ಮೇಸ್ತ್ರಿಯ ವ್ಯಾಪಾರದ ಗುಟ್ಟೇ ಅದು. ಗಿರಾಕಿಯ ಯಂತ್ರ ಕೆಟ್ಟಾಗ "ಸಾಮಾನು ಹಾಳಾಗುತ್ತೆ" ಎಂದು ಅವರು ಪರದಾಡಬಾರದು. ರಿಪೇರಿ ಮುಗಿಯುವವರೆಗೆ ಸಾಮಾನು ಮೇಸ್ತ್ರಿಯ ಶೆಡ್ಡಿಗೆ ಬಂದು ಅತಿಥಿಯಾಗಿ ಉಳಿಯುತ್ತದೆ. ಎಡಗಡೆಯ ಪೆಟ್ಟಿಗೆ ಅತಿಥಿಗಳದ್ದು, ಬಲಗಡೆಯದ್ದು ಮನೆಯದ್ದು. ನಲವತ್ತು ಪೊಟ್ಟಣಗಳು ಬಲಗಡೆಯ ಪೆಟ್ಟಿಗೆಯಲ್ಲಿ ಸೈನ್ಯದಂತೆ ಸಾಲುಗಟ್ಟಿ ಮಲಗಿದವು.

ಮರುದಿನ ಸೋಮವಾರ ಮಾಂಸದಂಗಡಿಯ ಕೋಲ್ಡ್ ರೂಮಿನ ಕಂಪ್ರೆಸರ್ ಕೆಟ್ಟು ಕೂತಿತು.

"ಮೇಸ್ತ್ರೀ, ಬೇಗ ಬನ್ನಿ! ಒಳಗೆ ಬೆವರೋಕೆ ಶುರುವಾಗಿದೆ!" ಯಜಮಾನರು ಫೋನಿನಲ್ಲಿ ಗೋಳಾಡಿದರು. ಹೋಗದೆ ಇರುವುದುಂಟೇ? ಇಪ್ಪತ್ತು ವರ್ಷದ ಗಿರಾಕಿ. ಮಧ್ಯಾಹ್ನದೊಳಗೆ ವ್ಯಾನು ತುಂಬ ತೊಡೆ, ಪಕ್ಕೆ, ಚೀಲ, ಡಬ್ಬ ಎಲ್ಲವೂ ಶೆಡ್ಡಿಗೆ ಬಂದಿಳಿಯಿತು. ಮಾಂಸ ಹೊಸಿಲು ದಾಟಕೂಡದೆಂದು ಸಾರಿದ ಮನೆಗೆ, ಸಾರಿದ ಮರುದಿನವೇ ಇಡೀ ಅಂಗಡಿಯೇ ಬಂದು ಕೂತಿತು!

"ಅಪ್ಪಾ, ಹೊಸಿಲು?" ಎಂದಳು ಮಗಳು.

"ಶೆಡ್ಡಿಗೆ ಹೊಸಿಲಿಲ್ಲ!" ಮೇಸ್ತ್ರಿ ಗುಡುಗಿದರು. "ಇದು ದಂಧೆ. ಆದರೆ ನಾನು ಮುಖ ಎತ್ತಿಯೂ ನೋಡೋದಿಲ್ಲ!"

ಮಾತಿಗೆ ತಕ್ಕ ಹಾಗೆ ನಡೆದರು ಕೂಡ. ಕೈಗವಸು ಹಾಕಿಕೊಂಡು, ಮುಖವನ್ನು ಗೋಡೆಯತ್ತ ತಿರುಗಿಸಿ, ತಪಸ್ವಿಯಂತೆ ಕಣ್ಣು ಅರೆಮುಚ್ಚಿ ಸಾಮಾನು ತುಂಬಿಸಿದರು. ಎಡಗಡೆಯ ಪೆಟ್ಟಿಗೆ ಕಂಠಮಟ್ಟ ತುಂಬಿತು. ಕೊನೆಗೆ ಉಳಿದದ್ದು ಬಸ್ ಡಿಪೋದ ಕ್ಯಾಂಟೀನಿಗೆಂದು ಯಜಮಾನರು ಕಟ್ಟಿಟ್ಟಿದ್ದ ಖೀಮಾ. ಅರ್ಧ ಅರ್ಧ ಕಿಲೋದ ಪೊಟ್ಟಣ. ಬಿಳಿ ಕಾಗದ. ಅಡ್ಡ ಒಂದು, ಉದ್ದ ಒಂದು ದಾರ. ಅದೂ ನಲವತ್ತೇ! ಬೇರೆ ದಾರಿಯಿಲ್ಲದೆ ಅವನ್ನು ಬಲಗಡೆಯ ಪೆಟ್ಟಿಗೆಯಲ್ಲಿ, ತಮ್ಮ ಪೊಟ್ಟಣಗಳ ಪಕ್ಕ, ನಡುವೆ ರಟ್ಟಿನ ತಡಿಕೆ ನಿಲ್ಲಿಸಿ ಇಟ್ಟರು.

ಬುಧವಾರ ರಿಪೇರಿ ಮುಗಿಯಿತು. ಮೇಸ್ತ್ರಿ ಮತ್ತೆ ಮುಖವನ್ನು ಗೋಡೆಗೆ ತಿರುಗಿಸಿದರು. ಕೈಗೆ ತಡಿಕೆ ಸಿಕ್ಕಿತು. ತಡಿಕೆಯ ಒಂದು ಮಗ್ಗುಲಿನಿಂದ ಒಂದೊಂದೇ ಪೊಟ್ಟಣ ಎತ್ತಿ ವ್ಯಾನಿಗೆ ಕೊಟ್ಟರು. ಎಣಿಸಿದರು. ನಲವತ್ತು. ಲೆಕ್ಕ ಸರಿ!

ಲೆಕ್ಕ ಸರಿಯೇ. ಮಗ್ಗುಲು ಮಾತ್ರ ತಪ್ಪು. ಬೇಳೆ, ಅಣಬೆ, ಬೀಟ್‌ರೂಟು ಮೆರವಣಿಗೆಯಲ್ಲಿ ಮಾಂಸದಂಗಡಿಗೆ ಹೋಯಿತು. ನಲವತ್ತು ಪೊಟ್ಟಣ ಅಸಲಿ ಖೀಮಾ ಶಾಕಾಹಾರದ ಪಟ್ಟದಲ್ಲಿ ಮೇಸ್ತ್ರಿಯ ಮನೆಯಲ್ಲಿ ಕೂತಿತು. ಕಣ್ಣು ಬಿಟ್ಟು ನೋಡಿದ್ದರೂ ಹೊರಗಿನಿಂದ ಗೊತ್ತಾಗುತ್ತಿತ್ತೋ ಇಲ್ಲವೋ, ಅವರಂತೂ ಕಣ್ಣು ಮುಚ್ಚಿಕೊಂಡು ಪುಣ್ಯ ಸಂಪಾದಿಸುತ್ತಿದ್ದರು.

ಅಂದು ಸಂಜೆ ಮೊದಲ ಪೊಟ್ಟಣ ಒಲೆಗೆ ಬಂತು. ಅಡುಗೆ ಹೆಂಡತಿಯದು. ಸ್ವಲ್ಪ ಹೊತ್ತಿಗೆ ಅವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ಬಾಗಿಲಲ್ಲಿ ನಿಂತರು.

"ರೀ, ಇದು ನೀವೇ ಮಾಡಿದ್ದಾ?"

"ನಾನೇ! ನನ್ನ ಕೈಯಾರೆ! ಯಾಕೆ?"

ಹೆಂಡತಿ ಅವರ ಮುಖವನ್ನು ಒಂದು ಗಳಿಗೆ ನೋಡಿದರು. "ಏನಿಲ್ಲ. ಬಣ್ಣ ಚೆನ್ನಾಗಿ ಬಂದಿದೆ."

"ಬೀಟ್‌ರೂಟ್!"

"ಹೂಂ. ಬರ್ಕೊಂಡೆ."

ಊಟಕ್ಕೆ ಕೂತರು. ಹೆಂಡತಿ ಎಂದಿನಂತೆ ಕಣ್ಣು ಮುಚ್ಚಿ ಕೈಮುಗಿದರು. ಅಂದು ಆ ಕೈಮುಗಿತ ಎಂದಿಗಿಂತ ಸ್ವಲ್ಪ ಉದ್ದವಾಯಿತು. ಮೇಸ್ತ್ರಿ ಮೊದಲ ತುತ್ತು ಬಾಯಿಗಿಟ್ಟರು. ಕಣ್ಣರಳಿತು. ಎರಡನೆಯದು. ಮೂರನೆಯದು.

"ನೋಡಿದ್ರಾ! ನೋಡಿದ್ರಾ! ಮಾಂಸ ಮಾಂಸ ಅಂತ ಪ್ರಪಂಚ ಸಾಯುತ್ತಲ್ಲ, ಎಲ್ಲಾ ಬರೀ ಭ್ರಮೆ! ಇದಕ್ಕೂ ಮಾಂಸಕ್ಕೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಇದೆಯಾ? ನೀನೇ ಹೇಳು!"

"ಒಂದು ಎಳೆಯೂ ಇಲ್ಲ" ಎಂದರು ಹೆಂಡತಿ, ಶಾಂತವಾಗಿ.

ಮಗಳು ಹಲ್ಲಿನ ಸಂದಿಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟಳು. "ಅಪ್ಪಾ, ಗಿಡದಲ್ಲಿ ಮೂಳೆ ಚೂರು ಹೇಗೆ ಬಂ... ಆಯ್!"

ಮೇಜಿನ ಕೆಳಗೆ ತಾಯಿಯ ಕಾಲು ಮಗಳ ಕಾಲಿಗೆ ತಗುಲಿತ್ತು.

"ಅದು ಅಣಬೆಯ ಕಾಂಡ ಕಣೇ! ಒಣಗಿದ್ರೆ ಹಾಗೇ ಗಟ್ಟಿಯಾಗುತ್ತೆ!" ಎಂದು ಮೇಸ್ತ್ರಿ ಇನ್ನೊಂದು ಸೌಟು ಬಡಿಸಿಕೊಂಡರು. ಗಿಡದ್ದೇ ತಾನೆ? ಎಷ್ಟು ತಿಂದರೂ ತಪ್ಪಿಲ್ಲ!

ದಿನಕ್ಕೊಂದು ಪೊಟ್ಟಣ ಕರಗುತ್ತ ಬಂತು. ಮೇಸ್ತ್ರಿಯ ಪ್ರಚಾರ ಏರುತ್ತ ಹೋಯಿತು. ಮೈ ಹಗುರವಾಗಿದೆ ಎಂದರು. ಮೊಣಕಾಲು ನೋವು ಮಾಯ ಎಂದರು. ತಲೆಯ ಹಿಂಭಾಗದಲ್ಲಿ ಹೊಸ ಕೂದಲು ಚಿಗುರುತ್ತಿದೆ ಎಂದು ಕನ್ನಡಿ ಹಿಡಿದು ಮಗಳಿಗೆ ತೋರಿಸಿದರು. ಐಸ್‌ಕ್ರೀಮ್ ಅಂಗಡಿಯವನ ಯಂತ್ರ ಬಿಚ್ಚಿ ಕೂತು, "ಈ ಯಂತ್ರ ಕೆಟ್ಟದ್ದು ನಿನ್ನ ಪಾಲಿಗೆ ಪ್ರಕೃತಿಯ ಎಚ್ಚರಿಕೆ" ಎಂದುಬಿಟ್ಟರು. ಅವನು ಬೇರೆ ಮೇಸ್ತ್ರಿಯನ್ನು ಕರೆಸಿದ.

ಸಂಜೆ ಒಬ್ಬರೇ ಶೆಡ್ಡಿನಲ್ಲಿ ಇರುವಾಗ ಮಾತ್ರ ಅವರು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಎಣಿಸುತ್ತಿದ್ದರು. ಬಡಿತ ಇದೆ. ಇನ್ನೂ ಇದೆ. ಇನ್ನು ಮೂರು ವಾರ.

ನಾಲ್ಕನೆಯ ವಾರ ಊರಾಚೆಯ ಹಾಲಿನ ಫಾರ್ಮಿಗೆ ಕೆಲಸಕ್ಕೆ ಹೋದರು. ಹಾಲು ತಂಪು ಮಾಡುವ ತೊಟ್ಟಿಯ ಗೇಜು ಸರಿಯಿರಲಿಲ್ಲ. ಹತ್ತು ವರ್ಷದಿಂದ ಹೋಗುತ್ತಿದ್ದ ಜಾಗ. ಹೋಗುವುದು, ಗೇಜು ನೋಡುವುದು, ಬರುವುದು. ಅಂದು ಒಂದು ನಟ್ಟು ಜಾರಿ ಗೋಡೆಯ ಆಚೆ ಉರುಳಿತು. ಹುಡುಕಿಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಪುಟ್ಟ ಪುಟ್ಟ ಗೂಡುಗಳಲ್ಲಿ ಕರುಗಳು ಒಂಟೊಂಟಿಯಾಗಿ ನಿಂತಿದ್ದವು. ಒಂದು ಕರು ಮುಂದೆ ಬಂದು ಅವರ ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಅದರಾಚೆ ಒಂದು ಹಳ್ಳ. ಸೆಗಣಿ, ಗಂಜಲ, ತೊಳೆದ ನೀರು ಎಲ್ಲ ಅದಕ್ಕೇ ಇಳಿದು, ಹಳ್ಳ ಹಸಿರು ಪಾಚಿಯ ಚಾದರ ಹೊದ್ದು ಮಲಗಿತ್ತು. ಫಾರ್ಮಿನವನು ಕೆಟ್ಟವನಲ್ಲ. ಪಕ್ಕಕ್ಕೆ ಬಂದು ನಿಂತು ಸಂಕೋಚದಿಂದ ಹೇಳಿದ: "ಏನು ಮಾಡೋದು ಮೇಸ್ತ್ರೀ, ಮೊದಲು ಹತ್ತು ಹಸು ಇತ್ತು, ಹಳ್ಳ ತಡ್ಕೊಳ್ತಿತ್ತು. ಈಗ ಮುನ್ನೂರು. ಇನ್ನೂ ಹಾಲು ಬೇಕು ಅಂತಾರೆ ಜನ."

ಜನ ಎಂದರೆ ಯಾರು? ಮೇಸ್ತ್ರಿ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡರು. ನಟ್ಟು ಸಿಗಲಿಲ್ಲ.

ಅಂದು ಊಟದ ಮೇಜಿನಲ್ಲಿ ಅವರು ಭಾಷಣ ಮಾಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರು. ದನಿಯಲ್ಲಿ ಬೆರಳೆತ್ತುವ ಗತ್ತು ಇರಲಿಲ್ಲ. ಹೆಂಡತಿ "ಬರ್ಕೊಂಡೆ" ಎನ್ನಲಿಲ್ಲ.

"ಆ ಹಳ್ಳ ಹೋಗಿ ಎಲ್ಲಿ ಸೇರುತ್ತೆ ರೀ? ಕೆಳಗಿನ ಕಾಲುವೆಗಾ?"

"ಹೌದು. ಯಾಕೆ?"

"ಎರಡು ವರ್ಷದಿಂದ ಕಾಲುವೆ ಕಡೆಯ ಬೀದಿಯ ಒಬ್ಬ ಅಜ್ಜಿ ವಾರಕ್ಕೊಂದು ಸಲ ಫೋನ್ ಮಾಡ್ತಾರೆ. ಬಾವಿಯ ನೀರು ನಾರುತ್ತೆ ಮಗಳೇ ಅಂತಾರೆ. ನಾನು ಬರ್ಕೊಳ್ತೀನಿ. ಬರೀ ಬರ್ಕೊಳ್ತೀನಿ." ಅವರು ತಮ್ಮ ಚಹಾದ ಲೋಟವನ್ನು ನೋಡಿದರು. ಮೇಸ್ತ್ರಿಯ ಕಟ್ಟಳೆಗೆ ಬಗ್ಗದೆ ಅವರು ಕಚೇರಿಯಿಂದ ಸಣ್ಣ ಸೀಸೆಯಲ್ಲಿ ತಂದುಕೊಳ್ಳುತ್ತಿದ್ದ ಹಾಲಿನ ಚಹಾ ಅದು. ಲೋಟವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಕೇಳಿದರು: "ರೀ, ಇಷ್ಟು ನಿಜವಾಗಿ ಅನ್ನಿಸಿದ ಮೇಲೆ, ಆ ಪೊಟ್ಟಣಗಳ ವಿಷಯ..."

ಅಷ್ಟಕ್ಕೇ ಮೇಸ್ತ್ರಿಯ ಹಳೆಯ ಗಾಳಿ ವಾಪಸ್ಸು ಬಂತು. "ಪೊಟ್ಟಣಗಳೇ ಅದಕ್ಕೆ ಉತ್ತರ! ಊರಿಗೆಲ್ಲ ಹಂಚಬೇಕು ಅಂತಿದ್ದೀನಿ!"

ಹೆಂಡತಿ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡರು. ಮರುದಿನದಿಂದ ಅವರ ಚಹಾ ಮಾತ್ರ ಕಪ್ಪಾಯಿತು. ಯಾಕೆಂದು ಯಾರಿಗೂ ಹೇಳಲಿಲ್ಲ.

ಆರು ವಾರ ತುಂಬಿತು. ಮೇಸ್ತ್ರಿ ಮದುಮಗನ ಹಾಗೆ ಬಟ್ಟೆ ತೊಟ್ಟುಕೊಂಡು ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ಹೊಸ ಕಾಗದವನ್ನು ನೋಡಿದರು. ಹಳೆಯದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹೊಸದನ್ನು ನೋಡಿದರು.

"ಏನು ತಿಂದ್ರಿ?"

"ಗಿಡ, ಡಾಕ್ಟ್ರೇ! ಬರೀ ಗಿಡ!"

"ಯಾವ ಗಿಡ ರೀ ಅದು? ಮೊದಲಿಗಿಂತ ಜಾಸ್ತಿಯಾಗಿದೆ!"

ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದರು. ಮಾತ್ರೆಯ ಚೀಟಿ ಬರೆದರು, ದೊಡ್ಡಾಸ್ಪತ್ರೆಗೆ ಪತ್ರ ಬರೆದರು, ಮನೆಯವರಿಗೆ ಹೇಳಿದ್ದೀರಾ ಎಂದು ಮತ್ತೆ ಕೇಳಿದರು. ಮೇಸ್ತ್ರಿ ತಲೆಯಾಡಿಸಿದರು, ಹೌದೆಂದೋ ಇಲ್ಲವೆಂದೋ ಅವರಿಗೇ ಗೊತ್ತಾಗಲಿಲ್ಲ. ಇಷ್ಟು ಪಥ್ಯ ಮಾಡಿದ ಮೇಲೂ ಏರಿದೆ ಎಂದರೆ, ಇದು ಅಪ್ಪನಿಂದ ಬಂದದ್ದೇ ಸರಿ. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮನೆಯವರೆಗೆ ನಡೆದೇ ಬಂದರು. ದಾರಿಯಲ್ಲಿ ಎರಡು ಕಡೆ ಕೂತರು.

ಶೆಡ್ಡಿನ ಮುಂದೆ ಮಾಂಸದಂಗಡಿಯ ಯಜಮಾನರು ಕೈಯಲ್ಲೊಂದು ಪೊಟ್ಟಣ ಹಿಡಿದು ಕಾಯುತ್ತಿದ್ದರು. ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಪಕ್ಕದಲ್ಲಿ ನಿಂತಿದ್ದರು.

"ಮೇಸ್ತ್ರೀ, ನಿಜ ಹೇಳಿ. ನಿಮ್ಮ ಪೆಟ್ಟಿಗೆಯೊಳಗೆ ನನ್ನ ಖೀಮಾಕ್ಕೆ ಏನು ಮಾಡಿದ್ರಿ?"

"ಯಾವ ಖೀಮಾ?"

"ಡಿಪೋ ಕ್ಯಾಂಟೀನಿಂದು! ವಾರಕ್ಕೆ ಆರೇಳು ಪೊಟ್ಟಣ ಕಳಿಸ್ತಿದ್ದೆ. ಇವತ್ತು ಹೊಸ ಮಾಲು ಕಳಿಸಿದ್ರೆ ಕ್ಯಾಂಟೀನಿನ ಅಕ್ಕ ವಾಪಸ್ ಕಳಿಸಿದಾಳೆ. ಇದು ಬೇಡ, ಹೋದ ಆರು ವಾರದ್ದೇ ಬೇಕು ಅಂತಾಳೆ. ಡ್ರೈವರುಗಳು ಊಟ ಆದ್ಮೇಲೆ ತೂಕಡಿಸಲ್ಲವಂತೆ, ಎದೆ ಉರಿ ಇಲ್ಲವಂತೆ! ಆ ಮಾಲು ಯಾವುದಮ್ಮಾ ಅಂತ ಕೇಳಿದ್ರೆ, ಉಳಿದ ಒಂದು ಪೊಟ್ಟಣ ಕೈಗೆ ಕೊಟ್ಟಳು. ನೋಡಿ! ಇದರಲ್ಲಿ ಮಾಂಸಾನೇ ಇಲ್ಲ! ನನ್ನ ಕೈಯಾರೆ ಕೊಚ್ಚಿದ ಕುರಿ ಮೇಸ್ತ್ರೀ, ನಿಮ್ಮ ಪೆಟ್ಟಿಗೆಯಲ್ಲಿ ಎರಡು ದಿನ ಕೂತು ಎದ್ದು ಬೇಳೆ ಆಗಿಬಿಡುತ್ತಾ?"

ಕಾಗದ ಬಿಚ್ಚಿಕೊಂಡಿತು. ಬೇಳೆ. ಅಣಬೆ. ಬೀಟ್‌ರೂಟಿನ ಕೆಂಪು.

ಮೇಸ್ತ್ರಿ ಅದನ್ನು ನೋಡಿದರು, ಫ್ರೀಜರನ್ನು ನೋಡಿದರು, ಅಂದು ತಾವು ಮುಖ ತಿರುಗಿಸಿ ನಿಂತಿದ್ದ ಗೋಡೆಯನ್ನು ನೋಡಿದರು. ನಂತರ ಹೆಂಡತಿಯತ್ತ ತಿರುಗಿ ಕಿರುಚಿದರು: "ಆರು ವಾರ! ಆರು ವಾರದಿಂದ ನಾನು ತಿಂದದ್ದು ಮಾಂಸ ಕಣೇ!"

"ಹೂಂ."

"ಹೂಂ ಅಂದ್ರೆ?"

"ಗೊತ್ತು ಅಂತ."

"ಗೊತ್ತಾ! ಯಾವಾಗಿಂದ?"

"ಮೊದಲನೇ ಪೊಟ್ಟಣ ಬಿಚ್ಚಿದ ಗಳಿಗೆಯಿಂದ. ಇಪ್ಪತ್ನಾಲ್ಕು ವರ್ಷ ಅಡುಗೆ ಮಾಡಿದೋಳಿಗೆ ಬೇಳೆ ಯಾವುದು ಕುರಿ ಯಾವುದು ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೇ ಗುಟ್ಟಾಗಿ ತಂದು ತುಂಬಿದೀರಿ ಅಂದ್ಕೊಂಡೆ." ಹೆಂಡತಿಯ ದನಿ ತಗ್ಗಿತು. "ಅಷ್ಟು ದೊಡ್ಡ ಮಾತಾಡಿದೋರು, ಮೂರೇ ದಿನಕ್ಕೆ ನಾಲಿಗೆಗೆ ಸೋತಿದ್ದಾರೆ, ಮಗಳ ಮುಂದೆ ಮರ್ಯಾದೆ ಹೋಗೋದು ಬೇಡ ಅಂತ ಸುಮ್ನಾದೆ. ದಿನಾ ಊಟಕ್ಕೆ ಮುಂಚೆ ದೇವರಿಗೆ ಹೇಳ್ತಿದ್ದೆ, ಇವರ ಬಾಯಲ್ಲಿ ನಿಜ ಬರೋ ಹಾಗೆ ಮಾಡಪ್ಪಾ ಅಂತ."

ಯಜಮಾನರು ತಮಗಿಲ್ಲಿ ಕೆಲಸವಿಲ್ಲವೆಂದು ತಿಳಿದು, ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಮೇಸ್ತ್ರಿ ಉಪಕರಣದ ಪೆಟ್ಟಿಗೆ ತೆರೆದರು. ಕತ್ತರಿ ಎತ್ತಿ ಕೆಳಗಿದ್ದ ಕಾಗದ ತೆಗೆದು, ಜೇಬಿನಲ್ಲಿದ್ದ ಹೊಸದನ್ನೂ ಸೇರಿಸಿ, ಎರಡನ್ನೂ ಹೆಂಡತಿಯ ಕೈಗೆ ಕೊಟ್ಟರು. "ಭೂಮಿಗೋಸ್ಕರ ಅಲ್ಲ ಕಣೇ" ಎಂದರು. "ನನಗೆ ಹೆದರಿಕೆಯಾಗಿದೆ."

ಓದುತ್ತ ಓದುತ್ತ ಹೆಂಡತಿಯ ಮುಖ ಬಿಳಿಚಿಕೊಂಡಿತು. ಹತ್ತೊಂಬತ್ತು ವರ್ಷ ಊರಿನ ಕೂಗನ್ನೆಲ್ಲ ಅಲುಗದೆ ಕೇಳಿದವರು ಅಲ್ಲೇ ಫ್ರೀಜರಿನ ಮೇಲೆ ಕೂತುಬಿಟ್ಟರು.

"ಭೂಮಿಗೋಸ್ಕರ ಅಂದ್ರಿ. ಭೂಮಿ ಸ್ವಲ್ಪ ದಿನ ತಡ್ಕೊಳ್ಳುತ್ತೆ, ಇವರ ಮುಖ ಉಳೀಲಿ ಅಂದ್ಕೊಂಡೆ ನಾನು. ನಿಮಗೋಸ್ಕರ ಅಂತ ಒಂದು ಮಾತು ಹೇಳಿದ್ರೆ, ಮೊದಲನೇ ದಿನವೇ ಬಾಣಲೆ ಸಮೇತ ಬೀದಿಗೆ ಎಸೀತಿದ್ದೆನಲ್ರೀ! ನಲವತ್ತು ಪೊಟ್ಟಣ... ನಾನೇ ಹುರಿದು ಹುರಿದು ಬಡಿಸಿದೆ!"

"ಮೂವತ್ತೊಂಬತ್ತು. ಒಂದು ಇನ್ನೂ ಒಳಗಿದೆ" ಎಂದರು ಮೇಸ್ತ್ರಿ. ಅಂಥ ಹೊತ್ತಿನಲ್ಲೂ ಲೆಕ್ಕ ಸರಿಯಿರಬೇಕು! ಹೆಂಡತಿಗೆ ಅಳು ಬರುವ ಜಾಗದಲ್ಲಿ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು.

ಮರುದಿನ ಮಧ್ಯಾಹ್ನ ಹೆಂಡತಿ ಅರ್ಧ ದಿನ ರಜೆ ಹಾಕಿ ಗಂಡನನ್ನು ಕರೆದುಕೊಂಡು ನೇರ ಬಸ್ ಡಿಪೋದ ಕ್ಯಾಂಟೀನಿಗೆ ಹೋದರು. "ಡ್ರೈವರುಗಳಿಗೆ ಒಳ್ಳೇದಾಗಿದ್ದು ನಿಮಗೂ ಆಗಲಿ. ತಿನ್ನೋದು ಹೇಗೆ ಅಂತ ಕಲಿತು ಬರೋಣ" ಎಂಬುದು ಅವರ ವಾದ. ಮೇಸ್ತ್ರಿಗೆ ಒಳಗೊಳಗೇ ಸಣ್ಣ ಸಮಾಧಾನ. ತಮ್ಮ ಆವಿಷ್ಕಾರ ಎಲ್ಲೋ ಒಂದು ಕಡೆ ಜಯಭೇರಿ ಹೊಡೆದಿದೆಯಲ್ಲ!

ಕಬ್ಬಿಣದ ಬೆಂಚುಗಳು, ಡೀಸೆಲ್ ವಾಸನೆ, ಖಾಕಿ ಅಂಗಿಗಳ ಸಾಲು. ಕೌಂಟರಿನ ಹಿಂದೆ ತೋಳು ಮಡಚಿದ ಗಟ್ಟಿ ಹೆಂಗಸು, ಕ್ಯಾಂಟೀನಿನ ಅಕ್ಕ.

"ಅಕ್ಕಾ, ಆ ಬೇಳೆ ಖೀಮಾ ಅಷ್ಟು ಚೆನ್ನಾಗಿತ್ತಂತೆ?" ಮೇಸ್ತ್ರಿ ಏನೂ ಗೊತ್ತಿಲ್ಲದವರಂತೆ ಕೇಳಿದರು.

"ಚೆನ್ನಾಗಿತ್ತಾ!" ಅಕ್ಕ ಸೌಟನ್ನು ಮೇಜಿಗೆ ಕುಕ್ಕಿದರು. "ಬಂದ ಹಾಗೇ ಬಿಸಿ ಮಾಡಿ ಬಡಿಸಿದ ಮೊದಲನೇ ದಿನ ಎಲ್ಲರೂ ತಟ್ಟೆ ವಾಪಸ್ ತಂದಿಟ್ಟರು. ಒದ್ದೆ ರಟ್ಟು ಅಗಿದ ಹಾಗಿತ್ತು. ಎಸೆಯೋಕೆ ಮನಸ್ಸು ಬರಲಿಲ್ಲ ನೋಡಿ. ಈರುಳ್ಳಿ ಹುರಿದು, ಬೆಳ್ಳುಳ್ಳಿ ಜಜ್ಜಿ, ಹುಳಿ ಹಿಂಡಿ, ಪೂರ್ತಿ ರಿಪೇರಿ ಮಾಡಿದೆ. ಇದು ಬೇಳೆ ಅಂತ ಹೇಳಿಯೇ ಬಡಿಸಿದೆ. ಆಮೇಲೆ ಬಿಡಲೇ ಇಲ್ಲ."

ರಿಪೇರಿ! ಮೂವತ್ತು ವರ್ಷದಲ್ಲಿ ಮೇಸ್ತ್ರಿಯ ಕೆಲಸವನ್ನು ಇನ್ನೊಬ್ಬರು ರಿಪೇರಿ ಮಾಡಿದ್ದು ಇದೇ ಮೊದಲು.

"ಮಾಡಿದೋರು ಯಾರೋ ಏನೋ" ಎಂದು ಅಕ್ಕ ಮುಂದುವರಿಸಿದರು. "ಒಂದು ಚೂರು ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯ್ತು, ಪಾಪ, ಯಾರಿಗೋ ಡಾಕ್ಟರು ಚೆನ್ನಾಗಿ ಹೆದರಿಸಿದ್ದಾರೆ. ಪ್ರಾಣಭಯ ಇಲ್ಲದೆ ಯಾರೂ ಇಷ್ಟು ಕೆಟ್ಟದಾಗಿ ಅಡುಗೆ ಮಾಡೋದಿಲ್ಲ."

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಕೌಂಟರಿನ ಕೆಳಗೆ ಅವರ ಕೈಯನ್ನು ಹುಡುಕಿ ಹಿಡಿದುಕೊಂಡರು. "ನನಗೆ ಗೊತ್ತಾಗಲಿಲ್ಲವಲ್ಲ ಅಕ್ಕಾ" ಎಂದರು. "ನನ್ನ ಬಾಯಿಗೆ ಅದು ಬೀಳಲೇ ಇಲ್ಲ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಏನಾದರೂ ದೊಡ್ಡ ಮಾತು ಹೇಳೋಣವೆಂದು ಬಾಯಿ ತೆರೆದರು. ಬಂದದ್ದು ಸಣ್ಣದೊಂದೇ.

"ಅದನ್ನ ಮಾಡಿದ್ದು ನಾನೇ ಅಕ್ಕಾ."

ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಏಪ್ರನ್ ಬಿಚ್ಚಿ ಅವರ ಕೈಗೆ ಕೊಟ್ಟು, ಕೌಂಟರಿನ ಅಡ್ಡಪಟ್ಟಿಯನ್ನು ಮೇಲಕ್ಕೆತ್ತಿದರು.

"ನೀವಾ? ಸರಿ, ಕೈ ತೊಳ್ಕೊಂಡು ಒಳಗೆ ಬನ್ನಿ. ನಿಮ್ಮ ಆ ಅಡುಗೆ ತಿಂದು ಬದುಕೋದಾದ್ರೆ, ಬದುಕಿ ಏನು ಸುಖ?"